ವರ್ಡ್ ಟೇಬಲ್‌ನಲ್ಲಿ ಕಾಲಮ್ ಉಬ್ಬುತ್ತದೆ, ಒತ್ತಕ್ಷರ ಕತ್ತರಿಸುತ್ತದೆ: ಏನು ಮಾಡಲಿ?

ಪ್ರಶ್ನೆ: ಸರ್, ನಮ್ಮೂರ ಹಾಲಿನ ಸಂಘದ ಸದಸ್ಯರ ಪಟ್ಟಿಯನ್ನು ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಟೇಬಲ್ ಹಾಕಿ ಟೈಪ್ ಮಾಡುತ್ತೇನೆ. ಉದ್ದ ಹೆಸರು ಬಂದರೆ ಆ ಕಾಲಮ್ ತಾನೇ ಅಗಲ ಆಗಿ ಪಕ್ಕದ್ದು ಕಿರಿದಾಗುತ್ತದೆ. ಪುಟಕ್ಕೆ ಜಾಸ್ತಿ ಹೆಸರು ಹಿಡಿಸಲಿ ಅಂತ ಸಾಲಿನ ಎತ್ತರ ಇಳಿಸಿದರೆ ಒತ್ತಕ್ಷರವೇ ಕಾಣುವುದಿಲ್ಲ. ಏನು ಮಾಡಲಿ?

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ಕಾಲಮ್ಮಿನ ಅಗಲವನ್ನು ನೀವೇ ಗಟ್ಟಿ ಮಾಡಿ. ಸಾಲಿನ ಎತ್ತರವನ್ನು ಮಾತ್ರ ಗಟ್ಟಿ ಮಾಡಬೇಡಿ.

ಮೊದಲು ಅಗಲ. ನಡುವೆ ಜಾಗ ಬಿಟ್ಟು ಬರೆದ ಹೆಸರು ಸುಮ್ನೆ ಕೆಳಗಿನ ಸಾಲಿಗೆ ಇಳಿಯುತ್ತದೆ. 'ಮಲ್ಲಿಕಾರ್ಜುನಸ್ವಾಮಿ' ಥರದ ಒಂದೇ ಉಸಿರಿನ ಹೆಸರನ್ನು ಒಡೆಯಲು ಜಾಗ ಸಿಗದೆ ವರ್ಡ್ ಕಾಲಮ್ಮನ್ನೇ ಹಿಗ್ಗಿಸುತ್ತದೆ. ಟೇಬಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಟೇಬಲ್ ಪ್ರಾಪರ್ಟೀಸ್ ತೆರೆದು, ಟೇಬಲ್ ಟ್ಯಾಬ್‌ನಲ್ಲಿರುವ ಆಪ್ಷನ್ಸ್ ಒತ್ತಿ. ಅಲ್ಲಿ 'ಆಟೋಮ್ಯಾಟಿಕಲಿ ರೀಸೈಜ್ ಟು ಫಿಟ್ ಕಂಟೆಂಟ್ಸ್' ಮುಂದಿನ ಟಿಕ್ ತೆಗೆಯಿರಿ. ಆಮೇಲೆ ಕಾಲಮ್ ಟ್ಯಾಬ್‌ನಲ್ಲಿ ಒಂದೊಂದಕ್ಕೂ ಅಗಲ ಕೊಡಿ. ಎ4 ಹಾಳೆಯ ಅಗಲ 21 ಸೆಂ.ಮೀ., ಎರಡೂ ಕಡೆ 2.54 ಮಾರ್ಜಿನ್ ಬಿಟ್ಟರೆ ಉಳಿಯುವುದು 15.92. ಕ್ರಮ ಸಂಖ್ಯೆಗೆ 1.2, ಹೆಸರಿಗೆ 6, ಊರಿಗೆ 4, ಸಹಿಗೆ 4.5 ಅಂತ ಹಂಚಿದರೆ ಸರಿಹೋಗುತ್ತದೆ. ಹೆಸರಿಗೆ ಜಿಪುಣತನ ಬೇಡ, ಜಾಗ ಸಾಲದಿದ್ದರೆ ಈಗ ಪದವೇ ನಡುವೆ ತುಂಡಾಗುತ್ತದೆ.

ಇನ್ನು ಎತ್ತರ. ಅದೇ ಪ್ರಾಪರ್ಟೀಸ್‌ನ ರೋ ಟ್ಯಾಬ್ ನೋಡಿ, ಬಹುಶಃ ಅಲ್ಲಿ 'ಎಕ್ಸಾಕ್ಟ್ಲಿ' ಅಂತ ಇರುತ್ತದೆ. ಅಂದರೆ ಅಕ್ಷರ ಹಿಡಿಯಲಿ ಬಿಡಲಿ, ಕೊಟ್ಟ ಅಳತೆ ದಾಟುವಂತಿಲ್ಲ. ಇಂಗ್ಲಿಷಿಗೆ ಅಷ್ಟು ಜಾಗ ಹೇಗೋ ಸಾಕಾಗಬಹುದು, ಆದರೆ 'ಕೃಷ್ಣಮೂರ್ತಿ'ಯಲ್ಲಿ ಷಕಾರದ ಕೆಳಗೆ ಣ ಒತ್ತು ನೇತಾಡುತ್ತದಲ್ವಾ, ಅದರ ಬುಡವೇ ಹೋಗಿಬಿಡುತ್ತದೆ. ಸದಸ್ಯರ ಹೆಸರೇ ತಪ್ಪಾಗಿ ಅಚ್ಚಾದ ಹಾಗೆ ಇದು, ಸಣ್ಣ ವಿಷಯ ಅಲ್ಲ. 'ಎಕ್ಸಾಕ್ಟ್ಲಿ' ತೆಗೆದು 'ಅಟ್ ಲೀಸ್ಟ್' ಹಾಕಿ. ಆಗಲೂ ಒತ್ತು ಕತ್ತರಿಸುತ್ತಿದ್ದರೆ ಪ್ಯಾರಾಗ್ರಾಫ್ ಸೆಟ್ಟಿಂಗ್‌ನ ಲೈನ್ ಸ್ಪೇಸಿಂಗ್‌ನಲ್ಲೂ ಅದೇ 'ಎಕ್ಸಾಕ್ಟ್ಲಿ' ಕೂತಿರುತ್ತದೆ, ಅದನ್ನು 'ಸಿಂಗಲ್' ಮಾಡಿ.

ಹಾಗಾದರೆ ಜಾಸ್ತಿ ಹೆಸರು ಹಿಡಿಸುವುದು ಹೇಗೆ? ಪೋಲಾಗುತ್ತಿರುವ ಜಾಗ ಹುಡುಕಿ. ಬೇರೆ ಕಡೆಯಿಂದ ಕಾಪಿ ಮಾಡಿ ತಂದ ಹೆಸರುಗಳ ಜೊತೆ ಪ್ಯಾರಾ ಕೆಳಗಿನ ಖಾಲಿ ಜಾಗವೂ ಬಂದಿರುತ್ತದೆ. ಸಾಲಿಗೆ 8 ಪಾಯಿಂಟ್ ಅಂದರೂ 25 ಹೆಸರಿಗೆ 200 ಪಾಯಿಂಟ್, ಹೆಚ್ಚುಕಮ್ಮಿ 7 ಸೆಂ.ಮೀ. ಹೋಯಿತು! ಇಡೀ ಟೇಬಲ್ ಆರಿಸಿ, ಅದೇ ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ಸ್ಪೇಸಿಂಗ್‌ನ ಬಿಫೋರ್, ಆಫ್ಟರ್ ಎರಡಕ್ಕೂ ಸೊನ್ನೆ ಕೊಡಿ. ಹೆಸರಿನ ಕೊನೆಗೆ ಅಪ್ಪಿತಪ್ಪಿ ಎಂಟರ್ ಒತ್ತಿದ್ದರೆ ಅದನ್ನೂ ಅಳಿಸಿ.

ಕಾಲಮ್ಮಿನ ಗೆರೆಯನ್ನು ಮೌಸಿನಿಂದ ಎಳೆದು ಅಗಲ ಬದಲಿಸುವ ಅಭ್ಯಾಸ ಇದ್ದರೆ, ಶಿಫ್ಟ್ ಹಿಡಿದು ಎಳೆಯಿರಿ. ಪಕ್ಕದ ಕಾಲಮ್ ಕಿರಿದಾಗುವುದಿಲ್ಲ, ಬದಲಿಗೆ ಟೇಬಲ್ಲಿನ ಒಟ್ಟು ಅಗಲ ಬದಲಾಗುತ್ತದೆ. ಎಳೆಯುವ ಮುಂಚೆ ಯಾವುದಾದರೂ ಒಂದೇ ಸೆಲ್ ಸೆಲೆಕ್ಟ್ ಆಗಿದೆಯಾ ನೋಡಿಕೊಳ್ಳಿ. ಆಗಿದ್ದರೆ ಆ ಸೆಲ್ಲಿನ ಗೆರೆ ಮಾತ್ರ ಸರಿದು ಪಟ್ಟಿ ಸೊಟ್ಟಗಾಗುತ್ತದೆ. ಹಾಗಾದ ತಕ್ಷಣ ಕಂಟ್ರೋಲ್ ಝಡ್ ಒತ್ತಿ, ಟೇಬಲ್ ಹೊರಗೆ ಒಮ್ಮೆ ಕ್ಲಿಕ್ ಮಾಡಿ, ಮತ್ತೆ ಎಳೆಯಿರಿ.