ಸೊಂಟದೊಳಗಿನ ಲೋಹ: ಮೊದಲು ಹಳೇ ಫೈಲ್ ತೆಗೆದು ನೋಡಿ

ಪ್ರಶ್ನೆ: ಡಾಕ್ಟ್ರೇ, ನಮ್ಮ ತಾಯಿಗೆ 71 ವರ್ಷ. 2008ರಲ್ಲಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಲಗಡೆ ಸೊಂಟದ ಕೀಲು ಬದಲಾಯಿಸಿದ್ದರು. ಇಷ್ಟು ವರ್ಷ ಆರಾಮಾಗಿದ್ದರು. ಈಗ ಕೆಲವು ತಿಂಗಳಿಂದ ಮೆಟ್ಟಿಲು ಹತ್ತುವಾಗ ತೊಡೆಸಂದಿನಲ್ಲಿ ನೋವು ಅಂತಾರೆ. ಲೋಹದ ಕೀಲಿನಿಂದ ರಕ್ತಕ್ಕೆ ವಿಷ ಸೇರುತ್ತೆ ಅಂತ ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದಾರೆ. ಅದನ್ನು ಓದಿ ಅಮ್ಮನಿಗೆ ನಿದ್ದೆಯೇ ಇಲ್ಲ. ಕೀಲು ತೆಗೆಸಬೇಕಾ?
— ಓದುಗರು, ಬಸವನಗುಡಿ

ಉತ್ತರ: ತೆಗೆಸುವ ಮಾತು ಈಗಲೇ ಬೇಡ. ಆದರೆ ಸುಮ್ನೆ ಇರುವುದೂ ಬೇಡ. ಇಷ್ಟು ವರ್ಷ ನೋವಿಲ್ಲದೆ ಓಡಾಡಿದವರಿಗೆ ಹೊಸದಾಗಿ ತೊಡೆಸಂದಿನಲ್ಲಿ ನೋವು ಶುರುವಾದರೆ ಕಾರಣ ಹುಡುಕಲೇಬೇಕು.

ವಾಟ್ಸಾಪ್ ಸಂದೇಶದಲ್ಲಿ ಅರ್ಧ ನಿಜ ಇದೆ. ಬದಲಿ ಕೀಲು ಎಂದಮೇಲೆ ಅದರಲ್ಲಿ ಲೋಹ ಇದ್ದೇ ಇರುತ್ತದೆ. ತೊಡೆಮೂಳೆಯೊಳಗೆ ಇಳಿಸುವ ಕಾಂಡ ಲೋಹದ್ದು. ಬಟ್ಟಲಿನ ಹೊರಚಿಪ್ಪೂ ಸಾಮಾನ್ಯವಾಗಿ ಲೋಹದ್ದೇ. ಅದರಿಂದ ತೊಂದರೆ ಅಪರೂಪ. ನಾವು ಕೇಳಬೇಕಾದ್ದು ಬೇರೆ: ಯಾವುದು ಯಾವುದಕ್ಕೆ ಉಜ್ಜುತ್ತಿದೆ? ಒರಳಿನಲ್ಲಿ ಗುಂಡು ತಿರುಗಿದ ಹಾಗೆ ಬಟ್ಟಲಿನಲ್ಲಿ ಚೆಂಡು ತಿರುಗುತ್ತದೆ. ಚೆಂಡು ಲೋಹದ್ದಾಗಿ, ಬಟ್ಟಲಿನ ಒಳಮೈ ಪ್ಲಾಸ್ಟಿಕ್ ಆಗಿದ್ದರೆ ಒಂದು ಕಥೆ. ಎರಡೂ ಲೋಹವಾಗಿದ್ದರೆ ಇನ್ನೊಂದು ಕಥೆ. ಆಗ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಉದುರುತ್ತದೆ. ಕೊಬಾಲ್ಟ್ ಮತ್ತು ಕ್ರೋಮಿಯಂ ನಿಧಾನವಾಗಿ ರಕ್ತಕ್ಕೆ ಸೇರುತ್ತವೆ. ಕೆಲವರಲ್ಲಿ ಕೀಲಿನ ಸುತ್ತಲಿನ ಮಾಂಸಖಂಡ ಹಾಳಾಗುತ್ತದೆ, ಮೂಳೆ ಸವೆಯುತ್ತದೆ, ನೀರು ತುಂಬಿದ ಗಡ್ಡೆ ಬೆಳೆಯುತ್ತದೆ. ಇದು ಕ್ಯಾನ್ಸರ್ ಗಡ್ಡೆ ಅಲ್ಲ. ಆದರೂ ಬಿಟ್ಟರೆ ಕಾಲಿನ ಬಲವನ್ನೇ ತಿಂದುಹಾಕುತ್ತದೆ.

ನಿಮ್ಮ ತಾಯಿಯ ಆಪರೇಷನ್ ವರ್ಷ ನೋಡಿಯೇ ನಾನು ಇಷ್ಟು ಹೇಳುತ್ತಿದ್ದೇನೆ. ಲೋಹಕ್ಕೆ ಲೋಹ ಉಜ್ಜುವ ಕೀಲುಗಳು ಜಾಸ್ತಿ ಬಳಕೆಯಲ್ಲಿದ್ದ ಕಾಲ ಅದು. ಜಾನ್ಸನ್ ಅಂಡ್ ಜಾನ್ಸನ್ ಗುಂಪಿನ ಡೆಪ್ಯೂ ಕಂಪನಿ ಎಎಸ್‌ಆರ್ ಎಂಬ ತನ್ನ ಕೀಲನ್ನು 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ವಾಪಸ್ ತೆಗೆದುಕೊಂಡಿತು. ಆ ಕೀಲು ಹಾಕಿಸಿಕೊಂಡವರಲ್ಲಿ 100ಕ್ಕೆ 12–13 ಮಂದಿಗೆ ಐದೇ ವರ್ಷದಲ್ಲಿ ಮತ್ತೆ ಆಪರೇಷನ್ ಬೇಕಾಗಿದೆ ಎಂದು ಬ್ರಿಟನ್ನಿನ ಕೀಲು ನೋಂದಣಿಯ ಲೆಕ್ಕ ತೋರಿಸಿತ್ತು. ಭಾರತದಲ್ಲೂ ಸುಮಾರು 4,700 ಆಪರೇಷನ್‌ಗಳಲ್ಲಿ ಇದನ್ನು ಬಳಸಲಾಗಿತ್ತು. ಅವರಲ್ಲಿ ಎಷ್ಟೋ ಜನರಿಗೆ ಸುದ್ದಿ ಮುಟ್ಟಲೇ ಇಲ್ಲ. ಮನೆ ಬದಲಾಗಿರುತ್ತದೆ, ಫೋನ್ ನಂಬರ್ ಬದಲಾಗಿರುತ್ತದೆ. ಈ ವಿಷಯ ನನಗೆ ಇವತ್ತಿಗೂ ಸಂಕಟ ಕೊಡುತ್ತದೆ.

ಹಾಗಂತ ನಿಮ್ಮ ತಾಯಿಗೆ ಹಾಕಿದ್ದು ಅದೇ ಅಂತಲ್ಲ. ಅದನ್ನು ತಿಳಿಯಲು ಬೀರುವಿನಲ್ಲಿರುವ ಹಳೇ ಫೈಲ್ ತೆಗೆಯಿರಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೀ 'ಟಿಎಚ್‌ಆರ್' (ಪೂರ್ತಿ ಸೊಂಟದ ಕೀಲು ಬದಲಾವಣೆ) ಅಂತ ಬರೆದಿದ್ದರೆ ಪ್ರಯೋಜನವಿಲ್ಲ. ಆಪರೇಷನ್ ನೋಟ್ಸ್ ಇರುವ ಹಾಳೆ ಹುಡುಕಿ. ಅದರಲ್ಲಿ ಬಾರ್‌ಕೋಡ್ ಇರುವ ಚಿಕ್ಕ ಚಿಕ್ಕ ಬಿಳಿ ಸ್ಟಿಕ್ಕರ್‌ಗಳು ಸಾಲಾಗಿ ಅಂಟಿರುತ್ತವೆ. ಕಾಂಡಕ್ಕೊಂದು, ಚೆಂಡಿಗೊಂದು, ಬಟ್ಟಲಿಗೊಂದು. ಬಟ್ಟಲಿನೊಳಗೆ ಕೂರುವ ಒಳಪದರ, ಅಂದರೆ ಲೈನರ್ ಇದ್ದರೆ ಅದಕ್ಕೂ ಒಂದು. ಪ್ರತಿಯೊಂದರಲ್ಲೂ ಕಂಪನಿ ಹೆಸರು, ಆ ಭಾಗದ ಅಳತೆ, 'ರೆಫ್' ಮತ್ತು 'ಲಾಟ್' ನಂಬರ್ ಇರುತ್ತವೆ. ಎಲ್ಲಕ್ಕೂ ಈಗಲೇ ಫೋಟೊ ತೆಗೆದಿಡಿ, ಅಕ್ಷರ ಮಾಸಿಹೋಗುತ್ತವೆ. ಲೈನರ್ ಸ್ಟಿಕ್ಕರ್‌ನಲ್ಲಿ 'ಪಾಲಿಎಥಿಲೀನ್' (ಒಂದು ಬಗೆಯ ಪ್ಲಾಸ್ಟಿಕ್) ಅಂತಿದ್ದರೆ ನಿಮ್ಮ ಅರ್ಧ ಚಿಂತೆ ಅಲ್ಲಿಗೆ ಕಳೆಯಿತು.

ಫೈಲ್ ಸಿಗದಿದ್ದರೆ ಆಸ್ಪತ್ರೆಗೆ ಲಿಖಿತವಾಗಿ ಕೇಳಿ. ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ನಡತೆಯ 2002ರ ನಿಯಮ ಹೇಳುತ್ತದೆ. ಆದರೆ ಅದೇ ನಿಯಮದ ಪ್ರಕಾರ ದಾಖಲೆಯನ್ನು ಮೂರು ವರ್ಷ ಇಟ್ಟುಕೊಂಡರೆ ಸಾಕು. ಇಷ್ಟು ಹಳೆಯದು ಸಿಕ್ಕರೆ ಅದೃಷ್ಟ. ಸಿಗದಿದ್ದರೂ ಒಂದು ಎಕ್ಸ್‌ರೇ ಸಾಕಷ್ಟು ಹೇಳುತ್ತದೆ. ಪ್ಲಾಸ್ಟಿಕ್ ಲೈನರ್ ಲೋಹದ ಹಾಗೆ ಬೆಳ್ಳಗೆ ಕಾಣುವುದಿಲ್ಲ. ಹಾಗಾಗಿ ಚೆಂಡಿಗೂ ಬಟ್ಟಲಿಗೂ ನಡುವೆ ಒಂದು ಸಂದು ಕಾಣುತ್ತದೆ. ಲೋಹಕ್ಕೆ ಲೋಹ ಇದ್ದರೆ ಆ ಸಂದು ಇರುವುದಿಲ್ಲ, ದೊಡ್ಡ ಚೆಂಡು ಬಟ್ಟಲಿನೊಳಗೆ ಬೆಳ್ಳಗೆ ಬೆರೆತುಹೋಗಿರುತ್ತದೆ.

ಲೋಹಕ್ಕೆ ಲೋಹ ಎಂದು ಖಚಿತವಾದರೆ ರಕ್ತದಲ್ಲಿ ಕೊಬಾಲ್ಟ್, ಕ್ರೋಮಿಯಂ ಪರೀಕ್ಷೆ ಮಾಡಿಸಬೇಕು. ಇದಕ್ಕೆ ಲೋಹದ ಅಂಶ ಬೆರೆಯದಂಥ ವಿಶೇಷ ಟ್ಯೂಬ್ ಬೇಕು. ರಕ್ತ ಕೊಡುವ ಮೊದಲು ಲ್ಯಾಬ್‌ಗೆ ಫೋನ್ ಮಾಡಿ ವಿಚಾರಿಸಿ. ಎರಡರಲ್ಲಿ ಯಾವುದಾದರೂ ಒಂದು ಲೀಟರ್ ರಕ್ತಕ್ಕೆ 7 ಮೈಕ್ರೋಗ್ರಾಂಗಿಂತ ಜಾಸ್ತಿ ಬಂದರೆ ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿ ಎಂದು ಬ್ರಿಟನ್ನಿನ ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಹೇಳಿತ್ತು. ನಾವೂ ಆ ಗೆರೆಯನ್ನು ಬಳಸುತ್ತೇವೆ. ಆದರೆ ಬರೀ ಅಂಕಿ ನೋಡಿ ಆಪರೇಷನ್ ನಿರ್ಧಾರ ಮಾಡುವುದಿಲ್ಲ. ಅಂಕಿ ಏರುತ್ತಿದೆಯಾ, ನೋವಿದೆಯಾ, ಲೋಹದ ನೆರಳನ್ನು ತಗ್ಗಿಸುವ ವಿಶೇಷ ಎಂಆರ್‌ಐನಲ್ಲಿ ಏನು ಕಾಣುತ್ತಿದೆ, ಮೂರನ್ನೂ ಸೇರಿಸಿ ನೋಡಬೇಕು. ನೋವೇ ಇಲ್ಲದೆ ಒಳಗೆ ಮಾಂಸಖಂಡ ಹಾಳಾಗಿರುವುದೂ ಉಂಟು. ಅದಕ್ಕೇ ಇಂಥ ಕೀಲು ಇದ್ದವರು ಆರಾಮಾಗಿದ್ದರೂ ತಪಾಸಣೆ ಬಿಡಬಾರದು. ಹಾನಿ ಹೆಚ್ಚಾದ ಮೇಲೆ ಮಾಡುವ ಎರಡನೇ ಆಪರೇಷನ್ ಕಷ್ಟ, ಚೇತರಿಕೆಯೂ ನಿಧಾನ.

ಕೊಬಾಲ್ಟ್ ತುಂಬಾ ಏರಿದಾಗ ಹೃದಯ, ಥೈರಾಯ್ಡ್, ಕಿವಿ, ಕಣ್ಣು, ನರಗಳಿಗೆ ತೊಂದರೆಯಾದ ಪ್ರಕರಣಗಳಿವೆ. ಅಪರೂಪ, ಆದರೆ ನಿಜ. ಅಮ್ಮನಿಗೆ ಇತ್ತೀಚೆಗೆ ಏದುಸಿರು, ಕಿವಿ ಮಂದ, ಪಾದ ಜೋಮು ಶುರುವಾಗಿದ್ದರೆ 'ವಯಸ್ಸಾಯ್ತು' ಅಂತ ಬಿಡಬೇಡಿ. ನೋಡುವ ವೈದ್ಯರಿಗೆ ಕೀಲಿನ ವಿಷಯ ನೀವಾಗಿಯೇ ಹೇಳಿ, ಅವರಿಗೆ ಅದು ಹೊಳೆಯದೇ ಇರಬಹುದು.

ಈ ವಯಸ್ಸಿನಲ್ಲಿ ತೊಡೆಸಂದು ನೋವಿಗೆ ಬೇರೆ ಕಾರಣಗಳೂ ಇವೆ: ಬಟ್ಟಲು ಸಡಿಲವಾಗಿರಬಹುದು, ಸೋಂಕು ಇರಬಹುದು, ಬೆನ್ನುಮೂಳೆಯಿಂದ ಬಂದಿರಬಹುದು. ಜ್ವರವೂ ಇದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಸ್ಟಿಕ್ಕರ್‌ನಲ್ಲಿ ಎಎಸ್‌ಆರ್ ಅಂತಲೇ ಕಂಡರೆ ಇನ್ನೊಂದು ಕೆಲಸ. ಈ ಕೀಲಿನಿಂದ ತೊಂದರೆಗೊಳಗಾದವರಿಗೆ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ ಪರಿಹಾರದ ಸೂತ್ರವನ್ನು ಕೇಂದ್ರ ಸರ್ಕಾರ 2018ರಲ್ಲಿ ಒಪ್ಪಿತು. ವಯಸ್ಸು, ಅಂಗವೈಕಲ್ಯದ ಪ್ರಮಾಣ ನೋಡಿ ಮೊತ್ತ ನಿಗದಿ ಮಾಡುವ ಸೂತ್ರ ಅದು. ರಾಜ್ಯದ ಔಷಧ ನಿಯಂತ್ರಣ ಇಲಾಖೆಯಲ್ಲಿ ವಿಚಾರಿಸಿ. ಅಲ್ಲೂ ಕೇಳುವುದು ಆ ದಾಖಲೆಗಳನ್ನೇ.

ಪ್ರಶ್ನೆ: ನನಗೆ 54. ಸೊಂಟದ ಮೂಳೆಗೆ ರಕ್ತ ಸಂಚಾರ ನಿಂತು ಚೆಂಡು ಕುಸಿದಿದೆ, ಕೀಲು ಬದಲಾಯಿಸಬೇಕು ಅಂದಿದ್ದಾರೆ. ಲೋಹದ ಸುದ್ದಿ ಓದಿ ಮುಂದೂಡುತ್ತಿದ್ದೇನೆ. ಸರೀನಾ?
— ಓದುಗರು, ಯಲಹಂಕ

ಉತ್ತರ: ಆ ಕಾರಣಕ್ಕೆ ಮುಂದೂಡಬೇಡಿ. ಲೋಹಕ್ಕೆ ಲೋಹ ಉಜ್ಜುವ ಪೂರ್ತಿ ಬದಲಿ ಕೀಲನ್ನು ಈಗ ಹೆಚ್ಚುಕಡಿಮೆ ಯಾರೂ ಹಾಕುವುದಿಲ್ಲ. ನಿಮ್ಮ ವಯಸ್ಸಿಗೆ ಸಾಮಾನ್ಯವಾಗಿ ಸೆರಾಮಿಕ್ ಚೆಂಡು, ಟೈಟಾನಿಯಂ ಬಟ್ಟಲಿನೊಳಗೆ ಗಟ್ಟಿ ಪಾಲಿಎಥಿಲೀನ್ ಲೈನರ್ ಹಾಕುತ್ತಾರೆ. ಚೆಂಡು ಕಾಂಡದ ಕುತ್ತಿಗೆಗೆ ಕೂರುವ ಜಾಗದಲ್ಲೂ ಒಮ್ಮೊಮ್ಮೆ ಲೋಹ ಸವೆಯುತ್ತದೆ. ಸೆರಾಮಿಕ್ ಚೆಂಡಿನಲ್ಲಿ ಆ ಅಪಾಯ ಇನ್ನೂ ಕಡಿಮೆ. ಬಾಳಿಕೆಯ ಬಗ್ಗೆ ಹೇಳುವುದಾದರೆ, 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ಸೊಂಟದ ಕೀಲುಗಳಲ್ಲಿ ಶೇ 58ರಷ್ಟು 25 ವರ್ಷ ಬಾಳುತ್ತವೆ. ಆ ಲೆಕ್ಕದಲ್ಲಿ ಇದ್ದದ್ದು ಹಳೇ ಕಾಲದ ಕೀಲುಗಳು, ಈಗಿನವು ಇನ್ನೂ ಹೆಚ್ಚು ಬಾಳಬಹುದು.

ನಿಜ ಹೇಳಬೇಕೆಂದರೆ, ಸಕ್ಕರೆ ಹತೋಟಿಯಲ್ಲಿಲ್ಲದೆ ಆಪರೇಷನ್‌ಗೆ ಬರುವವರ ಬಗ್ಗೆ ನನಗೆ ಲೋಹಕ್ಕಿಂತ ಜಾಸ್ತಿ ಭಯ. ಸೋಂಕು ತಗುಲಿದರೆ ಕೀಲನ್ನೇ ತೆಗೆಯಬೇಕಾಗಬಹುದು. ಮಧುಮೇಹ ಇದ್ದರೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆ) ತೋರಿಸಿ. ಹುಳುಕು ಹಲ್ಲು ಇದ್ದರೆ ಮೊದಲೇ ಸರಿಮಾಡಿಸಿ. ಕಿಡ್ನಿ ತೊಂದರೆ ಇದ್ದರೆ ಸರ್ಜನ್‌ಗೆ ಹೇಳಿ, ಲೋಹದ ಅಂಶ ಹೊರಹೋಗುವುದು ಮೂತ್ರದಲ್ಲೇ. ಆಮೇಲೆ ಸ್ಟಿಕ್ಕರ್‌ಗಳ ಒಂದು ಪ್ರತಿ ಕೇಳಿ ಪಡೆಯಿರಿ.

ಪ್ರಶ್ನೆ: ಕೀಲಿನ ಲೋಹವನ್ನು ದೇಹದಿಂದ ಹೊರಹಾಕುವ ಕಷಾಯ ಅಂತ ಒಬ್ಬರು ಮಾರುತ್ತಿದ್ದಾರೆ. ತಗೊಳ್ಳಬಹುದಾ? ವಿಮಾನ ನಿಲ್ದಾಣದಲ್ಲಿ ತೊಂದರೆ ಆಗುತ್ತಾ?
— ಓದುಗರು, ವಿಜಯನಗರ

ಉತ್ತರ: ದಯವಿಟ್ಟು ತಗೊಳ್ಳಬೇಡಿ. ಉಜ್ಜುವ ಜಾಗ ಒಳಗೇ ಇರುವಾಗ ಯಾವ ಕಷಾಯವೂ ಅದನ್ನು ನಿಲ್ಲಿಸುವುದಿಲ್ಲ. ಏನೆಲ್ಲ ಹಾಕಿದ್ದಾರೋ ಗೊತ್ತಿಲ್ಲದ ಪುಡಿಯಿಂದ ಕಿಡ್ನಿ ಕೆಡಬಹುದು. ನಿಮ್ಮ ಕೀಲು ಯಾವುದು ಅಂತ ಮೊದಲು ತಿಳಿಯಿರಿ, ಬಹುಪಾಲು ಜನರಿಗೆ ಹೊರಹಾಕಬೇಕಾದ್ದೇ ಏನೂ ಇರುವುದಿಲ್ಲ.

ವಿಮಾನ ನಿಲ್ದಾಣದ ಬಾಗಿಲು ಕೂಗುತ್ತದೆ ಅಷ್ಟೆ. ಕೀಲು ಬದಲಾಯಿಸಿದೆ ಎಂದು ಸಿಬ್ಬಂದಿಗೆ ಮೊದಲೇ ಹೇಳಿ, ಕೈಯಲ್ಲಿ ಹಿಡಿಯುವ ಯಂತ್ರದಿಂದ ನೋಡಿ ಬಿಡುತ್ತಾರೆ.