ಹ್ರೀಂ ಕೊನೇಲಿ ‘ಮ್’ ಬರ್ಬೇಕಾ ‘ಂಗ್’ ಬರ್ಬೇಕಾ: ಸೊನ್ನೆ ಜಗಳ

ಬೀಜಾಕ್ಷರದ, ಅಂದ್ರೆ ಹ್ರೀಂ ಶ್ರೀಂ ಥರದ ಒಂದಕ್ಷರದ ಮಂತ್ರಗಳ ಪ್ರಶ್ನೆಗಳಿಗೆ ನಾನು ಬರೆದು ಉತ್ತರ ಕೊಡಲ್ಲ, ಬಾಯಲ್ಲಿ ಹೇಳಿಸಿ ಕಿವಿಲಿ ಕೇಳಿ ತಿದ್ದೋ ವಿಷ್ಯ ಅದು. ಆದ್ರೆ ಪ್ರತಿ ನವರಾತ್ರಿಗೂ ಅದೇ ಪ್ರಶ್ನೆ, ಅದೇ ಗಾಬರಿ. ಸಾಕಾಗಿದೆ. ಈ ಸಲ ಬರೆದುಬಿಡ್ತೀನಿ, ಮುಂದಿನ ವರ್ಷ ಕೇಳಿದೋರಿಗೆ ಇದನ್ನೇ ಫಾರ್ವರ್ಡ್ ಮಾಡ್ತೀನಿ.

ಪ್ರಶ್ನೆ: ಸರ್, ನಮ್ಮನೇಲಿ ಹ್ರೀಮ್ ಅಂತಾನೇ ಹೇಳೋದು. ಯೂಟ್ಯೂಬಲ್ಲಿ ಒಬ್ರು ಹ್ರೀಂಗ್ ಅನ್ನೋದೇ ಸರಿ, ಮ್ ಅಂದ್ರೆ ಮಂತ್ರ ಸತ್ತೋಗುತ್ತೆ ಅಂತಾರೆ. ಯಾವ್ದು ಸರಿ?

ಮೊದ್ಲು ಆ ವಿಡಿಯೋ ಆಫ್ ಮಾಡಿ. ಬಂಗಾಳದ ಕಡೆ ಸೊನ್ನೆ ಎಲ್ಲಿದ್ರೂ ಂಗ್ ಥರಾನೇ ಕೇಳ್ಸುತ್ತೆ, ಹ್ರಿಂಗು ಕ್ರಿಂಗು ಎಲ್ಲಾ ಆ ಬಾಯಿಂದ್ಲೇ ಬಂದಿದ್ದು, ಅವರಿಗೆ ಅದು ರೂಢಿ, ನೀವ್ಯಾಕೆ ಎರವಲು ತರ್ತೀರಿ?

ಸೊನ್ನೆಗೆ ಸ್ವಂತ ಮನೆ ಇಲ್ಲ, ಮುಂದೆ ಬರೋ ಅಕ್ಷರದ ಮನೇಲಿ ಹೋಗಿ ಕೂರುತ್ತೆ. ಇದನ್ನ ಕನ್ನಡದೋರಿಗೆ ಕಲಿಸ್ಬೇಕಾಗೇ ಇಲ್ಲ. ಗಂಗೆ, ಪಂಚೆ, ದಂಡೆ, ಹಂದಿ, ಕಂಬ ಅಂತ ಜೋರಾಗಿ ಹೇಳಿ ನೋಡಿ, ಬರೆಯೋದು ಒಂದೇ ಸೊನ್ನೆ, ಆದ್ರೆ ಗಂಗೇಲಿ ನಾಲಿಗೆ ಗಂಟಲ ಹತ್ರ ಏಳುತ್ತೆ, ಆಮೇಲೆ ಮುಂದೆ ಮುಂದೆ ಬಂದು ಕಂಬದಲ್ಲಿ ತುಟಿಗೆ ಮುಟ್ಟುತ್ತೆ. ಮಂತ್ರದಲ್ಲೂ ಅಷ್ಟೇ. ‘ಗಂ ಗಣಪತಯೇ’ ಒಂದೇ ಉಸಿರಲ್ಲಿ ಹೇಳಿದ್ರೆ ಗಂಗೆ ಸೊನ್ನೆ, ‘ಕ್ಲೀಂ ಚಾಮುಂಡಾಯೈ’ಗೆ ಪಂಚೆ ಸೊನ್ನೆ, ದೇವಿಯ ಮುನ್ನೂರು ಹೆಸರಿನ ಲಲಿತಾ ತ್ರಿಶತಿಲಿ ಬರೋ ಹ್ರೀಂಕಾರಕ್ಕೆ ಅಂಕೆ ಸೊನ್ನೆ. ಹ್ರೀಂ ಅಂತ ಅಲ್ಲೇ ನಿಲ್ಲಿಸಿದ್ರೆ ತುಟಿ ಮುಚ್ಚಿ ಮ್, ಅಷ್ಟೇ. ಪದದ ಕೊನೇಲಿ ಈ ಬದಲಾವಣೆ ಕಡ್ಡಾಯ ಕೂಡಾ ಅಲ್ಲ, ಪಾಣಿನಿ ತನ್ನ ವ್ಯಾಕರಣದ ಸೂತ್ರ 8.4.59ರಲ್ಲಿ ‘ವಾ ಪದಾಂತಸ್ಯ’ ಅಂತ ಬಿಟ್ಟಿದಾನೆ, ಆ ‘ವಾ’ ಅಂದ್ರೆ ಮಾಡಿದ್ರೂ ಸರಿ ಬಿಟ್ರೂ ಸರಿ. ನನ್ನ ಕ್ಲಾಸಲ್ಲಿ ಇಬ್ರು ರಿಟೈರ್ಡ್ ಯಜಮಾನ್ರು ‘ಓಂ ನಮಃ’ನ ‘ಓನ್ನಮಃ’ ಅನ್ಬೇಕಾ ಬೇಡ್ವಾ ಅಂತ ಜಗಳ ಆಡಿ ಮಾತು ಬಿಟ್ಟಿದ್ರು, ಇಬ್ರೂ ಸರಿ ಅಂದಿದ್ದಕ್ಕೆ ಇಬ್ರೂ ನನ್ ಮೇಲೆ ಮುನಿಸ್ಕೊಂಡ್ರು.

ಇಷ್ಟೆಲ್ಲಾ ಕೊನೇ ಸೊನ್ನೆಗೆ ಹೊಡೆದಾಡೋರ ಬಾಯಲ್ಲಿ ಮೊದಲ್ನೇ ಅಕ್ಷರಾನೇ ಇರಲ್ಲ! ಬ್ರಹ್ಮ ಅಂತ ಬರೆದು ಬ್ರಮ್ಹ ಅಂತೀವಿ, ಚಿಹ್ನೆ ಚಿನ್ಹೆ ಆಗುತ್ತೆ, ಅದೇ ಅಭ್ಯಾಸಕ್ಕೆ ಹ್ರೀಂ ಹೋಗಿ ರ್ಹೀಂ, ಇಲ್ಲಾಂದ್ರೆ ಬರೀ ರೀಂ, ಹ ಉಳಿಸ್ಕೊಳ್ಳೋಕೆ ಹೋದೋರು ಹಿರೀಂ. ಕನ್ನಡಿ ಒರೆಸೋಕೆ ಮುಂಚೆ ಬಾಯಿಂದ ಬಿಸಿ ಉಸಿರು ಬಿಡ್ತೀವಲ್ಲ, ಆ ಉಸಿರೇ ಹ. ಅದು ನಿಲ್ಲೋಕೆ ಮುಂಚೆ, ಮಧ್ಯೆ ಇ ನುಸುಳದ ಹಾಗೆ, ಹೆಂಡ್ತಿ ಗಂಡನ್ನ ‘ರೀ’ ಅಂತ ಕರೀತಾರಲ್ಲ ಆ ರೀ ಹೇಳಿ ತುಟಿ ಮುಚ್ಚಿ. ಕ್ಲಾಸಲ್ಲಿ ಎಲ್ರೂ ನಗ್ತಾರೆ, ನಗ್ಲಿ, ಹತ್ತು ನಿಮಿಷದಲ್ಲಿ ಬರುತ್ತೆ.

ಪ್ರಶ್ನೆ: ವರ್ಷಗಟ್ಲೆ ತಪ್ಪು ಹೇಳಿದೀನಿ, ಜ್ಯೋತಿಷಿ ದೋಷ ಬಂದಿದೆ 11,000 ಕೊಟ್ಟು ಶಾಂತಿ ಮಾಡ್ಸಿ ಅಂತಿದಾರೆ, ಇಂದ್ರಶತ್ರು ಕಥೆ ಹೇಳಿ ಹೆದರ್ಸಿದ್ರು.

ಒಂದು ರೂಪಾಯಿನೂ ಕೊಡ್ಬೇಡಿ. ತ್ವಷ್ಟೃ ಅನ್ನೋ ದೇವಶಿಲ್ಪಿ ಇಂದ್ರನನ್ನ ಕೊಲ್ಲೋ ಮಗ ಬೇಕು ಅಂತ ಹೋಮ ಮಾಡಿ, ‘ಇಂದ್ರಶತ್ರು’ ಅನ್ನೋ ಪದಕ್ಕೆ ಸ್ವರ ಕೊನೇಲಿ ಕೊಡೋ ಬದ್ಲು ಮೊದಲಲ್ಲಿ ಕೊಟ್ಟ, ‘ಇಂದ್ರನನ್ನ ಕೊಲ್ಲೋನು’ ಅನ್ನೋ ಅರ್ಥ ‘ಇಂದ್ರನೇ ಕೊಲ್ಲೋನಾಗಿರೋನು’ ಅಂತ ತಿರುಗಿ, ಹುಟ್ಟಿದ ಮಗ ವೃತ್ರನೇ ಇಂದ್ರನ ಕೈಲಿ ಸತ್ತ. ಅದು ವೇದಮಂತ್ರದ ಉದಾತ್ತ ಅನುದಾತ್ತದ, ಅಂದ್ರೆ ಏರುಸ್ವರ ಇಳಿಸ್ವರದ ಮಾತು. ಬೀಜಾಕ್ಷರ ತಂತ್ರಶಾಸ್ತ್ರದ್ದು, ಅದಕ್ಕೆ ಆ ಸ್ವರಾನೇ ಇಲ್ಲ, ಇಲ್ಲದ್ದು ತಪ್ಪೋದು ಹೇಗೆ? ಈ ಕಥೆ ನೆನಪಿಸೋ ಪಾಣಿನೀಯ ಶಿಕ್ಷೆ ಅನ್ನೋ ಉಚ್ಚಾರಣೆ ಗ್ರಂಥದಲ್ಲೇ ಹುಲಿ ಮರಿನ ಹಲ್ಲಲ್ಲಿ ಕಚ್ಕೊಂಡು ಹೋಗೋ ಹಾಗೆ ಅಕ್ಷರ ಹೇಳಿ, ಬೀಳ್ಲೂಬಾರ್ದು ಗಾಯಾನೂ ಆಗ್ಬಾರ್ದು ಅಂತಿದೆ. ಹೆದರ್ಸೋರು ಆ ಶ್ಲೋಕ ಮಾತ್ರ ಹೇಳಲ್ಲ, ಅದ್ರಲ್ಲಿ ದುಡ್ಡಿಲ್ಲ.

ಪ್ರಶ್ನೆ: ನಮಃ ಅನ್ನೋದು ನಮಹಾನಾ?

ನಮಹ. ಗಿಡ್ಡ ಹ. ಎಳೀಬೇಡಿ.

ಪ್ರಶ್ನೆ: ಒಂಬತ್ತಕ್ಷರದ್ದು ಅನ್ನೋ ನವಾರ್ಣ ಮಂತ್ರದಲ್ಲಿ ಓಂ ಸೇರಿ ಹತ್ತು ಅಕ್ಷರ ಆಗುತ್ತಲ್ಲ?

ಓಂ ಲೆಕ್ಕಕ್ಕಿಲ್ಲ. ‘ಐಂ ಹ್ರೀಂ ಕ್ಲೀಂ ಚಾಮುಂಡಾಯೈ ವಿಚ್ಚೇ’, ಐಂನಿಂದ ಎಣ್ಸಿ, ಒಂಬತ್ತೇ. ಹಾಗೇ ಕೊನೇದು ವಿಚ್ಚೇ, ವಿಚ್ಛೇ ಅಲ್ಲ, ಮಹಾಪ್ರಾಣ ಹಾಕಿದ್ರೆ ಸಂಸ್ಕೃತ ಅನ್ನೋ ಭ್ರಮೆ ಬಿಡಿ.

ಪ್ರಶ್ನೆ: 528 ಹರ್ಟ್ಜ್‌ಗೆ ಟ್ಯೂನ್ ಮಾಡಿರೋ ಶ್ರೀಂ ಕೇಳಿದ್ರೆ ಒಳ್ಳೇದಂತೆ?

ಯಾವ ಶಿಕ್ಷಾಗ್ರಂಥದಲ್ಲಿದೆ ಅಂತ ಅವರನ್ನೇ ಕೇಳಿ.

ಪ್ರಶ್ನೆ: ಮೊಬೈಲಲ್ಲಿ 108 ಸಲ ಪ್ಲೇ ಮಾಡಿದ್ರೆ ಫಲ ಇದ್ಯಾ?

ಇದೆ, ಮೊಬೈಲ್‌ಗೆ.

ಪ್ರಶ್ನೆ: ನನಗೆ ಯಾವ ಬೀಜ ಸೂಟ್ ಆಗುತ್ತೆ, ಫೋನಲ್ಲೇ ಉಪದೇಶ ಕೊಡ್ತೀರಾ?

ಇಲ್ಲ. ನಿಮ್ಮ ಮನೆತನದ ಗುರುಗಳ ಹತ್ರ ಹೋಗಿ, ಎದುರಿಗೆ ಕೂತ್ಕೊಳಿ. ನನಗೆ ವಾಯ್ಸ್ ಮೆಸೇಜ್ ಅಂತೂ ಕಳಿಸ್ಲೇಬೇಡಿ, ಹ ಬಿತ್ತೋ ಉಳೀತೋ ಅದ್ರಲ್ಲಿ ಕೇಳ್ಸಲ್ಲ.