ಓದುಗರ ಪ್ರಶ್ನೆ, ನಮ್ಮ ಉತ್ತರ: ನಿಧಾನದ ಆಟದಲ್ಲಿ ಮೊದಲ ಹದಿನೈದು ದಿನ

ಕಳೆದ ಸಂಚಿಕೆಯಲ್ಲಿ ನಿಧಾನಗತಿಯ ಆರ್ಥಿಕ ಆಟಗಳ ವಿಷಯ ಬಂದ ಮೇಲೆ ಮಂಗಳೂರು, ಉಡುಪಿ ಕಡೆಯ ಓದುಗರಿಂದ ಹಲವು ಪತ್ರಗಳು ಬಂದಿವೆ. ಹೆಚ್ಚಿನವು ಪ್ರಾಸ್ಪರಸ್ ಯೂನಿವರ್ಸ್ ಎಂಬ ಒಂದೇ ಆಟದ ಕುರಿತಾಗಿರುವುದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಸುರತ್ಕಲ್‌ನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೇನೆ. ಆಟ ಆರಂಭಿಸಿದ ಮೊದಲ ದಿನವೇ ಕೈಯಲ್ಲಿದ್ದ ಹಣದಲ್ಲಿ ಆದಷ್ಟು ಕಟ್ಟಡಗಳನ್ನು ಕಟ್ಟಿದೆ. ಐದನೆಯ ದಿನಕ್ಕೆ ಹಣ ಮುಗಿದು, ಕಾರ್ಮಿಕರ ದಕ್ಷತೆ ಕುಸಿದು, ಉತ್ಪಾದನೆ ನಿಂತಂತೆಯೇ ಆಗಿದೆ. ಎಲ್ಲಿ ತಪ್ಪಿದೆ?

ಉತ್ತರ: ಹೊಸಬರಲ್ಲಿ ಬಹಳ ಮಂದಿ ಎಡವುವುದು ಇಲ್ಲಿಯೇ. ಮೊದಲ ಸಲ ನಾನೂ ಹೀಗೆಯೇ ಕಟ್ಟಡಗಳ ಮೇಲೆ ಹಣವೆಲ್ಲ ಹಾಕಿ, ಕೊನೆಗೆ ಕಂಪೆನಿಯನ್ನು ಮುಚ್ಚಿ ಹೊಸದಾಗಿ ಆರಂಭಿಸಬೇಕಾಯಿತು. ಆಟದಲ್ಲಿ ಹಾಗೆ ಮುಚ್ಚಿ ಮತ್ತೆ ತೊಡಗಲು ಅವಕಾಶವಿದೆಯಾದ್ದರಿಂದ ನೀವು ಕಂಗೆಡಬೇಕಾಗಿಲ್ಲ.

ಈ ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು ಹೇಳುತ್ತೇನೆ. ಇದು ಜರ್ಮನಿಯ ಸಿಮ್ಯುಲಾಜಿಕ್ಸ್ ಸಂಸ್ಥೆ ರೂಪಿಸಿದ, ಬ್ರೌಸರಿನಲ್ಲಿಯೇ ಆಡಬಹುದಾದ ಆಟ. ವಿಮಾನಯಾನ ಕಂಪೆನಿ ನಡೆಸುವ ಏರ್‌ಲೈನ್‌ಸಿಮ್ ಕೂಡ ಇದೇ ಸಂಸ್ಥೆಯದು. ಪ್ರತಿ ಆಟಗಾರನೂ ಯಾವುದೋ ಒಂದು ಗ್ರಹದಲ್ಲಿ ನೆಲೆ ಸ್ಥಾಪಿಸಿ, ನೀರೆತ್ತುವುದು, ಬೆಳೆ ಬೆಳೆಯುವುದು, ಅದಿರು ತೆಗೆಯುವುದು, ಕಟ್ಟಡದ ಬಿಡಿಭಾಗ ತಯಾರಿಸುವುದು ಮುಂತಾದ ಕಸುಬುಗಳಲ್ಲಿ ಒಂದನ್ನು ಹಿಡಿದು, ತಯಾರಾದ ಸರಕನ್ನು ಬಾಹ್ಯಾಕಾಶ ಹಡಗಿನಲ್ಲಿ ವಿನಿಮಯ ಕೇಂದ್ರಕ್ಕೆ, ಎಂದರೆ ಆಟದ ಮಾರುಕಟ್ಟೆಗೆ, ಸಾಗಿಸಿ ಮಾರಬೇಕು. ಗಡಿಯಾರ ನಮ್ಮ ಗಡಿಯಾರದಂತೆಯೇ ಓಡುತ್ತದೆ. ಒಂದು ಬೆಳೆಗೆ ಇಷ್ಟು ಗಂಟೆ ಎಂದಿದ್ದರೆ ಅಷ್ಟು ಗಂಟೆ ಕಾಯಲೇಬೇಕು. ನೀವು ಮಲಗಿರುವಾಗಲೂ ಕೆಲಸ ನಡೆಯುತ್ತಿರುತ್ತದೆ, ಖರ್ಚೂ ನಡೆಯುತ್ತಿರುತ್ತದೆ.

ನಿಮ್ಮನ್ನು ಮುಳುಗಿಸಿದ್ದು ಆ ಖರ್ಚು. ನಿಮ್ಮ ಹಾಸ್ಟೆಲಿನ ಮೆಸ್ಸಿನವರು ಪಾತ್ರೆಗಳನ್ನು ಒಮ್ಮೆ ಕೊಂಡರೆ ಸಾಕು, ಆದರೆ ಅಕ್ಕಿ, ಬೇಳೆ, ತರಕಾರಿ ಪ್ರತಿದಿನ ಬೇಕು. ತಲೆಗೆ ದಿನಕ್ಕೆ ಎಷ್ಟು ಬೀಳುತ್ತದೆ ಎಂಬುದು ಗೊತ್ತಿಲ್ಲದೆ ಮೆಸ್ಸು ನಡೆಸಲಾಗದು. ಈ ಆಟದ ಆರಂಭಿಕ ಕಾರ್ಮಿಕರನ್ನು ಪಯೋನಿಯರ್‌ಗಳು ಎನ್ನುತ್ತಾರೆ. ನೂರು ಪಯೋನಿಯರ್‌ಗಳಿಗೆ ದಿನವೊಂದಕ್ಕೆ 4 ಪ್ರಮಾಣ (ಯೂನಿಟ್) ಕುಡಿಯುವ ನೀರು, 4 ಪ್ರಮಾಣ ಪಡಿತರ, ಅರ್ಧ ಪ್ರಮಾಣ ಕೆಲಸದ ಉಡುಪು ಬೇಕೇ ಬೇಕು. ಇವುಗಳಲ್ಲಿ ಯಾವುದಾದರೊಂದು ಇಲ್ಲವಾದರೂ ದಕ್ಷತೆ ಬಿದ್ದುಹೋಗುತ್ತದೆ, ಕೆಲಸ ಎಳೆದಾಡುತ್ತದೆ, ಸರಕು ತಡವಾಗುತ್ತದೆ, ಸರಕಿಲ್ಲದೆ ಹಣವಿಲ್ಲ, ಹಣವಿಲ್ಲದೆ ಪಡಿತರವಿಲ್ಲ. ಈ ಸುಳಿಯಲ್ಲಿ ನೀವೀಗ ಇದ್ದೀರಿ. ಕಾಫಿ ಮತ್ತು ದಪ್ಪನೆಯ ಮೆತ್ತೆಯುಡುಪು ಎಂಬ ಇನ್ನೆರಡು ಸರಕುಗಳೂ ಕಾರ್ಮಿಕರ ಪಟ್ಟಿಯಲ್ಲಿವೆ. ಕೊಟ್ಟರೆ ದಕ್ಷತೆ ಹೆಚ್ಚುತ್ತದೆ, ಕೊಡದಿದ್ದರೆ ಕೆಲಸ ಕೆಡುವುದಿಲ್ಲ. ಮೊದಲ ವಾರ ಕಾಫಿಯನ್ನು ಬಿಡಿ, ನೀರು ಮತ್ತು ಪಡಿತರವನ್ನು ಬಿಡಬೇಡಿ.

ಈಗ ಒಂದು ನೋಟುಪುಸ್ತಕ ತೆಗೆದುಕೊಂಡು ನನ್ನೊಡನೆ ಲೆಕ್ಕ ಹಾಕಿ. ಒಂದು ಹೊಲಕ್ಕೆ 50 ಪಯೋನಿಯರ್‌ಗಳು ಬೇಕು, ಮೊದಲ ದರ್ಜೆಯ ವಸತಿ ಕಟ್ಟಡವೊಂದರಲ್ಲಿ 100 ಮಂದಿಗೆ ಜಾಗವಿದೆ. ಆದ್ದರಿಂದ ಎರಡು ಹೊಲ, ಒಂದು ವಸತಿ ಸರಿಯಾಗಿ ಹೊಂದುತ್ತವೆ. ಉದಾಹರಣೆಗೆಂದು ನೀರಿನ ದರ 80, ಪಡಿತರದ ದರ 100, ಉಡುಪಿನ ದರ 200 ಎಂದಿಟ್ಟುಕೊಳ್ಳೋಣ. ನೂರು ಮಂದಿಯ ಒಂದು ದಿನದ ವೆಚ್ಚ 320, 400 ಮತ್ತು 100 ಸೇರಿ 820 ಆಯಿತು. ಹೊಲಕ್ಕೆ ಹಾಯಿಸುವ ನೀರಿಗೆ 240 ಹೋಯಿತೆಂದರೆ ಒಟ್ಟು 1,060. ಎರಡೂ ಹೊಲಗಳಿಂದ ದಿನಕ್ಕೆ 12 ಪ್ರಮಾಣ ಧಾನ್ಯ ಬಂದರೆ ಒಂದರ ಅಸಲು 88 ದಾಟುತ್ತದೆ. ಇದಕ್ಕೆ ಹಡಗಿನ ಇಂಧನವನ್ನು ಸೇರಿಸಬೇಕು. ಕಟ್ಟಡಗಳು ಕಾಲ ಕಳೆದಂತೆ ಸವೆದು ದುರಸ್ತಿ ಬೇಡುವುದರಿಂದ ಅದಕ್ಕೂ ಒಂದಿಷ್ಟನ್ನು ತೆಗೆದಿಡಬೇಕು. ಹೀಗಿರುವಾಗ ಧಾನ್ಯವನ್ನು 85ಕ್ಕೆ ಮಾರಿದವನ ಖಾತೆಯಲ್ಲಿ ದಿನವೂ ಹಣ ಬೀಳುತ್ತಿರುವಂತೆ ಕಾಣುತ್ತದೆ, ಆದರೆ ಅವನು ದಿನವೂ ತನ್ನ ಬಂಡವಾಳವನ್ನೇ ತಿನ್ನುತ್ತಿರುತ್ತಾನೆ. ಮೇಲಿನ ದರಗಳು ಮತ್ತು ಇಳುವರಿ ನನ್ನ ಊಹೆಯವು. ನಿಮ್ಮ ವಿನಿಮಯ ಕೇಂದ್ರದ ಆ ದಿನದ ದರವನ್ನೂ ನಿಮ್ಮ ಹೊಲದ ಇಳುವರಿಯನ್ನೂ ಅಲ್ಲಿ ತುಂಬಿಕೊಳ್ಳಿ.

ಹೊಸದಾಗಿ ತೊಡಗುವಾಗ ಮೊದಲು ಎರಡು ವಾರಗಳ ಅಗತ್ಯ ಸಾಮಗ್ರಿಯನ್ನು ಕೊಂಡು ದಾಸ್ತಾನಿಡಿ. ನೂರು ಮಂದಿಗೆ 14 ದಿನಕ್ಕೆ 56 ನೀರು, 56 ಪಡಿತರ, 7 ಉಡುಪು ಸಾಕು. ಅದರ ಮೇಲೆ ಉಳಿದ ಹಣದಲ್ಲಿ ಮಾತ್ರ ಕಟ್ಟಡಕ್ಕೆ ಕೈ ಹಾಕಿ. ಯಾವ ಕಸುಬು ಎಂದು ಕೇಳಿದರೆ, ಆಟದಲ್ಲಿರುವ ಎಲ್ಲರೂ ದಿನವೂ ಖರ್ಚು ಮಾಡುವ ವಸ್ತುವಿನ ಕಡೆಗೇ ನನ್ನ ಒಲವು: ನೀರು, ಧಾನ್ಯ, ಪಡಿತರ. ಲಾಭದ ಅಂತರ ಸಣ್ಣದಿರುತ್ತದೆ, ಆದರೆ ಮಾರಾಟವಾಗದೆ ಉಳಿಯುವ ಭಯ ಕಡಿಮೆ. ದುಬಾರಿ ಯಂತ್ರಭಾಗಗಳನ್ನು ತಯಾರಿಸುವ ಆಸೆ ಎಲ್ಲರಿಗೂ ಇರುತ್ತದೆ. ಅದಕ್ಕೆ ಬೇಕಾದ ಕಚ್ಚಾ ಸಾಮಗ್ರಿಯಲ್ಲಿ ಹಣ ವಾರಗಟ್ಟಲೆ ಸಿಕ್ಕಿಕೊಳ್ಳುವುದರಿಂದ ಅದನ್ನು ಮುಂದಕ್ಕೆ ಇಟ್ಟುಕೊಳ್ಳುವುದು ಮೇಲು.

ಪ್ರಶ್ನೆ: ಕಾರ್ಕಳದ ಹತ್ತಿರ ನಮ್ಮದು ಅಡಿಕೆ ತೋಟ. ಮಗಳು ತೋರಿಸಿಕೊಟ್ಟ ಮೇಲೆ ನಾನೂ ಈ ಆಟದಲ್ಲಿ ಪಡಿತರ ತಯಾರಿಸುತ್ತಿದ್ದೇನೆ. ಮಾರಲು ಇಟ್ಟ ಸರಕು ಮೂರು ದಿನವಾದರೂ ಹೋಗಿಲ್ಲ. ದರ ಇಳಿಸಬೇಕೇ, ಕಾಯಬೇಕೇ?

ಉತ್ತರ: ಹೊಸ ಅಡಿಕೆ, ಸಿಂಗಲ್ ಚೋಲು, ಡಬಲ್ ಚೋಲು ಎಂದು ವರ್ಷಗಳ ಲೆಕ್ಕದಲ್ಲಿ ದಾಸ್ತಾನಿಟ್ಟು ಮಾರುವ ನಿಮಗೆ ಕಾಯುವುದನ್ನು ನಾನು ಕಲಿಸಬೇಕಾಗಿಲ್ಲ. ಆದರೆ ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಚಾಲಿ ಅಡಿಕೆ ಹಳೆಯದಾದಂತೆ ಬೇರೆಯೇ ದರ್ಜೆಯಾಗಿ, ಸಾಮಾನ್ಯವಾಗಿ ಹೆಚ್ಚಿನ ಬೆಲೆ ತರುತ್ತದೆ. ಆಟದ ಪಡಿತರ ಎಷ್ಟು ದಿನ ಇಟ್ಟರೂ ಅದೇ ಪಡಿತರ. ಗೋದಾಮು ತುಂಬಿದರೆ ಉತ್ಪಾದನೆಯೇ ನಿಂತುಬಿಡುತ್ತದೆ. ಆದ್ದರಿಂದ ಅಲ್ಲಿ ಕಾಯುವುದಕ್ಕೆ ಒಂದು ಮಿತಿ ಹಾಕಿಕೊಳ್ಳಬೇಕು.

ವಿನಿಮಯ ಕೇಂದ್ರದ ಪುಟವನ್ನು ತೆರೆದಾಗ ಎರಡು ಸಾಲುಗಳು ಕಾಣುತ್ತವೆ. ಒಂದು, ಇಷ್ಟಕ್ಕೆ ಮಾರುತ್ತೇನೆ ಎಂದವರದು. ಇನ್ನೊಂದು, ಇಷ್ಟಕ್ಕೆ ಕೊಳ್ಳುತ್ತೇನೆ ಎಂದವರದು. ಮಾರುವವರಲ್ಲಿ ಅತಿ ಕಡಿಮೆ ಹೇಳಿದವನು 104 ಎಂದೂ, ಕೊಳ್ಳುವವರಲ್ಲಿ ಅತಿ ಹೆಚ್ಚು ಹೇಳಿದವನು 93 ಎಂದೂ ಇಟ್ಟುಕೊಳ್ಳಿ. ನೀವು 110ಕ್ಕೆ ಇಟ್ಟಿದ್ದರೆ ನಿಮಗಿಂತ ಅಗ್ಗವಾಗಿ ಹೇಳಿದವರೆಲ್ಲರ ಸರಕು ಮುಗಿಯುವ ತನಕ ನಿಮ್ಮ ಸರದಿ ಬರುವುದಿಲ್ಲ. ಅವರ ಬಳಿ ಒಟ್ಟು ಎಷ್ಟಿದೆ, ದಿನಕ್ಕೆ ಎಷ್ಟು ಖರ್ಚಾಗುತ್ತಿದೆ ಎಂಬುದನ್ನು ಹೋಲಿಸಿದರೆ ಎಷ್ಟು ದಿನ ಕಾಯಬೇಕೆಂದು ನಿಮಗೇ ತಿಳಿಯುತ್ತದೆ. 103ಕ್ಕೆ ಇಳಿಸಿದರೆ ಸಾಲಿನ ಮುಂದೆ ನಿಲ್ಲುತ್ತೀರಿ. ತುರ್ತಾಗಿ ಹಣ ಬೇಕಾದರೆ ಸ್ವಲ್ಪವನ್ನು 93ಕ್ಕೇ ಕೊಟ್ಟುಬಿಡಿ, ಎಲ್ಲವನ್ನೂ ಕೊಡಬೇಡಿ. ನಾನು ಸಾಮಾನ್ಯವಾಗಿ ಒಂದು ಭಾಗವನ್ನು ಮುಂದಿನ ದರಕ್ಕೂ ಇನ್ನೊಂದು ಭಾಗವನ್ನು ತುಸು ಹೆಚ್ಚಿನ ದರಕ್ಕೂ ಇಡುತ್ತೇನೆ. ಯಾರೋ ದೊಡ್ಡ ಕಂಪೆನಿಯವರು ಒಮ್ಮೆಲೇ ಬಂದು ಅಗ್ಗದ್ದನ್ನೆಲ್ಲ ಎತ್ತಿಕೊಂಡು ಹೋಗುವ ದಿನ ಆ ಎರಡನೆಯ ಭಾಗವೂ ಹೋಗುತ್ತದೆ. ಒಂದೊಂದೇ ಬಿಡಿಗಾಸು ಕೆಳಗಿಳಿಸುತ್ತ ಗಂಟೆಗೊಮ್ಮೆ ದರ ಬದಲಿಸುವವರ ಜೊತೆ ಪೈಪೋಟಿಗೆ ನಿಂತರೆ ಅಸಲಿನ ಗೆರೆ ದಾಟಿ ಕೆಳಗೆ ಹೋಗಿರುವುದು ಗೊತ್ತಾಗುವುದೇ ಇಲ್ಲ.

ಇನ್ನೊಂದು ವಿಷಯವನ್ನು ಗಮನಿಸಿ. ಆಟದೊಳಗಿನ ಬೆಂಟೆನ್, ಮೋರಿಯಾ, ಹೊರ್ಟಸ್, ಆಂಟಾರೆಸ್ ಮುಂತಾದ ಕಡೆ ಬೇರೆ ಬೇರೆ ವಿನಿಮಯ ಕೇಂದ್ರಗಳಿವೆ; ಹಣವೂ ಆಟದಲ್ಲಿನ ಒಂದೊಂದು ಬಣಕ್ಕೆ ಒಂದೊಂದು. ಅಲ್ಲಿ ದರ ಹೆಚ್ಚಿದೆ ಎಂದು ಕಂಡ ಮಾತ್ರಕ್ಕೆ ಹಡಗು ಹೊರಡಿಸಬೇಡಿ. ಆರಂಭದ ಹಡಗಿನ ಸಾಮರ್ಥ್ಯ 500 ಟನ್ ಮತ್ತು 500 ಘನ ಮೀಟರ್; ಭಾರ, ಗಾತ್ರ ಎರಡರಲ್ಲಿ ಯಾವುದು ಮೊದಲು ತುಂಬುತ್ತದೋ ಅಲ್ಲಿಗೆ ಮುಗಿಯಿತು. ಹೋಗಿಬರುವ ಇಂಧನ ಮತ್ತು ದಿನಗಳನ್ನು ಕಳೆದ ಮೇಲೆ ಉಳಿಯುವುದೇನು ಎಂಬುದನ್ನು ನೋಡಿ. ತೋಟದಿಂದ ಪೇಟೆಗೆ ಪಿಕಪ್ಪಿನಲ್ಲಿ ಸಾಗಿಸುವ ಬಾಡಿಗೆಯ ಲೆಕ್ಕ ಹಾಕುವ ನಿಮಗೆ ಇದು ಕಷ್ಟವಾಗದು.

ಪ್ರಶ್ನೆ: ಕದ್ರಿಯಲ್ಲಿ ನಮ್ಮ ಮನೆ. ಪಿಯುಸಿ ಓದುತ್ತಿರುವ ಮಗ ದಿನವೂ ಈ ಆಟ ತೆರೆದು ಏನೋ ದರ ನೋಡುತ್ತಿರುತ್ತಾನೆ. ಇದು ಜೂಜಿನ ಆಟವೇ? ತಾಯಿಯಾಗಿ ನನಗೆ ಆತಂಕವಾಗಿದೆ.

ಉತ್ತರ: ನಿಮ್ಮ ಆತಂಕ ಸಹಜವಾದದ್ದು. ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ನೀವು ಕೇಳಿರುವ ಆಟದಲ್ಲಿ ಪಣವಿಲ್ಲ, ಗೆದ್ದರೆ ರೂಪಾಯಿ ಬರುವುದೂ ಇಲ್ಲ. ಉಚಿತವಾಗಿ ಆಡಬಹುದು, ಹೆಚ್ಚಿನ ಸೌಲಭ್ಯ ಬೇಕಾದವರಿಗೆ ಚಂದಾ ವ್ಯವಸ್ಥೆ ಇದೆ, ಆರಂಭದ ತಿಂಗಳುಗಳಲ್ಲಿ ಅದರ ಅಗತ್ಯ ಬೀಳದು. ಆಟದೊಳಗಿನ ಹಣವನ್ನು ಹೊರಗೆ ರೂಪಾಯಿಗೆ ಕೊಡುತ್ತೇವೆ, ಕೊಳ್ಳುತ್ತೇವೆ ಎನ್ನುವವರ ಮಾತಿಗೆ ಮಾತ್ರ ಹೋಗಬಾರದೆಂದು ಮಗನಿಗೆ ಸ್ಪಷ್ಟವಾಗಿ ಹೇಳಿ.

ಹೊತ್ತಿನ ವಿಷಯಕ್ಕೆ ಬಂದರೆ, ಇದು ಬೆಳಗ್ಗೆ ಹತ್ತು ನಿಮಿಷ, ರಾತ್ರಿ ಹತ್ತು ನಿಮಿಷ ಸಾಕಾಗುವ ಆಟ. ಅದಕ್ಕಿಂತ ಹೆಚ್ಚು ಹೊತ್ತು ಕುಳಿತರೂ ಬೆಳೆ ಬೇಗ ಬೆಳೆಯದು. ಒಂದು ದಿನ ಅವನ ಪಕ್ಕದಲ್ಲಿ ಕುಳಿತು, ‘ನಿನ್ನ ಸರಕಿನ ಅಸಲು ಎಷ್ಟು?’ ಎಂದು ಕೇಳಿನೋಡಿ. ಅವನು ಕಾಗದದ ಮೇಲೆ ಲೆಕ್ಕ ತೋರಿಸಿದರೆ ಕಲಿಯುತ್ತಿದ್ದಾನೆ ಎಂದರ್ಥ. ಬಹುಜನರು ಸೇರಿ ಆಡುವ ಇಂಥ ಮಾರುಕಟ್ಟೆಗಳನ್ನು ತಿಳಿದವರೂ ಗಂಭೀರವಾಗಿ ತೆಗೆದುಕೊಂಡಿದ್ದಾರೆ: ಐಸ್‌ಲ್ಯಾಂಡಿನ ಸಿಸಿಪಿ ಸಂಸ್ಥೆ ತನ್ನ ಈವ್ ಆನ್‌ಲೈನ್ ಆಟದ ಆರ್ಥಿಕತೆಯನ್ನು ಅಧ್ಯಯನ ಮಾಡಲು 2007ರಲ್ಲಿ ಒಬ್ಬ ಅರ್ಥಶಾಸ್ತ್ರಜ್ಞರನ್ನೇ ನೇಮಿಸಿಕೊಂಡಿತ್ತು.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿ ಮಣಿಪಾಲದಲ್ಲಿದ್ದೇನೆ. ವಯಸ್ಸು 67. ತೆರೆಯ ತುಂಬ ಸಣ್ಣ ಕಿಟಕಿಗಳು, ಸಂಕೇತಾಕ್ಷರಗಳು. ನನ್ನಿಂದಾದೀತೇ?

ಉತ್ತರ: ಖಂಡಿತ ಆದೀತು ಸಾರ್. ಆ ಸಂಕೇತಗಳಲ್ಲಿ ಮೊದಲ ವಾರಕ್ಕೆ ಬೇಕಾದವು ಬೆರಳೆಣಿಕೆಯಷ್ಟು: ಕುಡಿಯುವ ನೀರಿಗೆ ಡಿಡಬ್ಲ್ಯೂ, ಪಡಿತರಕ್ಕೆ ಆರ್‌ಎಟಿ, ಉಡುಪಿಗೆ ಓವಿಇ, ದಾಸ್ತಾನು ನೋಡಲು ಐಎನ್‌ವಿ, ಹಡಗುಗಳಿಗೆ ಎಫ್‌ಎಲ್‌ಟಿ. ಒಂದು ಚೀಟಿಯಲ್ಲಿ ಬರೆದು ಪರದೆಯ ಪಕ್ಕದಲ್ಲಿ ಅಂಟಿಸಿ. ನಿಮ್ಮದೇ ಊರಿನ ಕಡೆಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟನ್ನೂ ಸಂಗ್ರಹಿಸಿದ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಈ ಆಟ ಕೇಳುವುದೂ ಅಂಥ ದಿನನಿತ್ಯದ ಸಣ್ಣ ಶಿಸ್ತನ್ನು. ಕಿರ್ದಿ, ಖಾತೆ ಬರೆದ ಕೈಗಳಿಗೆ ಇಲ್ಲಿ ಯುವಕರಿಗಿಂತ ಹೆಚ್ಚಿನ ಅನುಕೂಲವಿದೆ ಎಂದು ನಾನು ಮನಸಾರೆ ನಂಬಿದ್ದೇನೆ.

ಪ್ರಶ್ನೆ: ಮಲ್ಪೆಯಲ್ಲಿ ಆಳಸಮುದ್ರದ ಟ್ರಾಲ್ ಬೋಟಿನಲ್ಲಿ ಕೆಲಸ. ಹೊರಟರೆ ಎಂಟು ಹತ್ತು ದಿನ ಫೋನು ಸಿಗುವುದಿಲ್ಲ. ಮಳೆಗಾಲದ ರಜೆಯಲ್ಲಿ ಈ ಆಟ ಹಿಡಿದಿದೆ. ಇನ್ನು ಸಮುದ್ರಕ್ಕಿಳಿದರೆ ಆಟ ಬಿಡಬೇಕೇ?

ಉತ್ತರ: ಬಿಡಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರ ತನಕದ 61 ದಿನಗಳ ನಿಷೇಧ ಮುಗಿದು ಬೋಟು ಇಳಿಸುವಾಗ ಡೀಸೆಲ್, ಮಂಜುಗಡ್ಡೆ, ಕುಡಿಯುವ ನೀರು, ಅಕ್ಕಿ, ಸಾಂಬಾರು ಸಾಮಾನು ಎಲ್ಲವನ್ನೂ ಬರುವ ದಿನಕ್ಕಿಂತ ಎರಡು ದಿನ ಹೆಚ್ಚಿಗೇ ತುಂಬಿಸಿಕೊಳ್ಳುತ್ತೀರಲ್ಲ, ನೆಲೆಗೂ ಹಾಗೆಯೇ ತುಂಬಿಸಿ. ಹತ್ತು ದಿನ ಹೊರಡುವುದಾದರೆ ಹದಿನಾಲ್ಕು ದಿನದ ನೀರು, ಪಡಿತರ, ಉಡುಪು ಇರಲಿ.

ಉತ್ಪಾದನೆಯ ಆದೇಶಗಳನ್ನು ಒಂದರ ಹಿಂದೊಂದು ಸರತಿಯಲ್ಲಿ ಇಡಬಹುದು. ಒಂದೊಂದು ಆದೇಶವನ್ನೂ ದೊಡ್ಡದಾಗಿಯೇ ಕೊಡಿ. ಹೊರಡುವ ಮುನ್ನಾದಿನ ಗೋದಾಮಿನಲ್ಲಿರುವುದನ್ನು ಹಡಗಿಗೆ ತುಂಬಿ ವಿನಿಮಯ ಕೇಂದ್ರಕ್ಕೆ ಕಳುಹಿಸಿಬಿಡಿ, ಇಲ್ಲದಿದ್ದರೆ ನೀವು ಬರುವುದರೊಳಗೆ ಜಾಗ ತುಂಬಿ ಕೆಲಸ ನಿಂತಿರುತ್ತದೆ. ಹಡಗು ಅಲ್ಲಿ ಮುಟ್ಟಿದ ಮೇಲೆ ಮಾರಾಟದ ಆದೇಶವನ್ನು ನೀವೇ ಹಾಕಬೇಕಾಗುವುದರಿಂದ, ಆ ಕೆಲಸ ಮುಗಿಯುವಷ್ಟು ದಿನ ಮೊದಲೇ ಹಡಗನ್ನು ಹೊರಡಿಸಿದರೆ ಇನ್ನೂ ಒಳ್ಳೆಯದು. ದರವನ್ನು ಆ ದಿನದ ಅತಿ ಕಡಿಮೆ ದರಕ್ಕಿಂತ ತುಸು ಮೇಲೆಯೇ ಇಡಿ. ಹತ್ತು ದಿನದ ಕಾಲಾವಕಾಶ ನಿಮಗಿದೆ, ದಿನವೂ ಪರದೆ ನೋಡುವವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ದಡಕ್ಕೆ ಬಂದು ಮೀನು ಇಳಿಸಿ, ಮನೆಗೆ ಹೋಗಿ ಸ್ನಾನ ಮಾಡಿ ಮಲಗಿ ಎದ್ದ ಮೇಲೆ ಫೋನು ತೆಗೆದರೂ ಸಾಕು. ಮೊದಲು ನೀರು, ಪಡಿತರ ಎಷ್ಟು ಉಳಿದಿದೆ ನೋಡಿ, ಹಣ ಎಷ್ಟು ಬಂದಿದೆ ಎಂಬುದನ್ನು ಆಮೇಲೆ ನೋಡಿದರಾಯಿತು.